ಊರ ಹೊರಗಿನ ಊರು: ಬೆಳಗಾವಿಯ ಟಿಳಕವಾಡಿ

ಊರಿನ ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಕೋಟೆಯ ಕಡೆಗೂ ಶಾಸನಗಳ ಕಡೆಗೂ ಹರಿಯುವುದು ರೂಢಿ. ಬೆಳಗಾವಿಯ ಚರಿತ್ರೆಯನ್ನು ಬರೆದವರೆಲ್ಲ ವೇಣುಗ್ರಾಮವೆಂಬ ಅದರ ಹಳೆಯ ಹೆಸರಿನಿಂದ ಮೊದಲುಮಾಡಿ, ಸವದತ್ತಿಯಿಂದ ಇಲ್ಲಿಗೆ ರಾಜಧಾನಿಯನ್ನು ತಂದ ರಟ್ಟರನ್ನೂ, 1204ರ ಸುಮಾರಿಗೆ ಕೋಟೆಯನ್ನೂ ಕಮಲಬಸದಿಯನ್ನೂ ಕಟ್ಟಿಸಿದ ಅವರ ಅಧಿಕಾರಿ ಬೀಚಿರಾಜನನ್ನೂ ಸ್ಮರಿಸುತ್ತಾರೆ. ಬಳಿಕ 1818ರ ಏಪ್ರಿಲ್ ತಿಂಗಳಲ್ಲಿ ಕೋಟೆ ಇಂಗ್ಲಿಷರ ಕೈಸೇರಿದ ಕಥೆಯನ್ನು ಹೇಳಿ ಮುಗಿಸುತ್ತಾರೆ. ಇವೆಲ್ಲ ಅವಶ್ಯವಾಗಿ ತಿಳಿಯಬೇಕಾದ ಸಂಗತಿಗಳೇ. ಆದರೆ ಕೋಟೆಯೊಳಗೆ ಬಾಳಿದವರು ಎಷ್ಟು ಜನ? ಕಳೆದ ನೂರು ವರ್ಷಗಳಲ್ಲಿ ಬೆಳಗಾವಿಗೆ ಬಂದು ನೆಲೆಸಿದ ಶಿಕ್ಷಕರು, ಗುಮಾಸ್ತರು, ವಕೀಲರು, ಕಾರಖಾನೆಯ ಕೆಲಸಗಾರರು, ಪಿಂಚಣಿದಾರರು ಬಾಳಿದ್ದು ಕೋಟೆಯ ಹೊರಗೆ, ಹಳೆಯ ಪೇಟೆಯಿಂದಲೂ ಹೊರಗೆ, ಹೊಲಗಳ ನಡುವೆ ಮೆಲ್ಲಮೆಲ್ಲನೆ ಎದ್ದುನಿಂತ ಬಡಾವಣೆಗಳಲ್ಲಿ. ಅಂತಹ ಬಡಾವಣೆಗಳ ಪೈಕಿ ಹಿರಿದಾದುದು ಟಿಳಕವಾಡಿ. ಅದರ ಚರಿತ್ರೆಯನ್ನು ಅರಿಯುವುದೆಂದರೆ ನಮ್ಮ ತಂದೆತಾತಂದಿರ ಬಾಳನ್ನು ಅರಿತಂತೆಯೇ ಸರಿ.

ನಮ್ಮ ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಎಷ್ಟೋ ಹಳೆಯ ವಿದ್ಯಾರ್ಥಿಗಳು ಉದ್ಯೋಗ ಹಿಡಿದ ಮೇಲೆ ಬೆಳಗಾವಿಯ ಇಂತಹ ಬಡಾವಣೆಗಳಲ್ಲಿಯೇ ಒಂದು ಬಾಡಿಗೆಯ ಮನೆಯನ್ನೋ, ಮುಂದೆ ಸ್ವಂತದ ಸೂರನ್ನೋ ಮಾಡಿಕೊಂಡವರು. ಆದಕಾರಣ ಈ ಲೇಖನದ ವಿಷಯವು ವಾಚಕ ಮಹಾಶಯರಿಗೆ ದೂರದ್ದಾಗಲಾರದು.

ಹೆಸರು ಮತ್ತು ಹಾದಿ

‘ವಾಡಿ’ ಎಂಬುದು ಈ ಸೀಮೆಯಲ್ಲಿ ಸಣ್ಣ ಹಳ್ಳಿಗೆ, ಊರಿನಿಂದ ತುಸು ದೂರದಲ್ಲಿರುವ ಮನೆಗಳ ಗುಂಪಿಗೆ ಹೇಳುವ ಮಾತು. ನಾನಾವಾಡಿ, ಪೀರನವಾಡಿ, ಹಿಂದವಾಡಿ ಎಂಬ ನೆರೆಹೊರೆಯ ಹೆಸರುಗಳಲ್ಲಿಯೂ ಅದೇ ಮಾತಿದೆ. ಟಿಳಕವಾಡಿಯನ್ನು ಹಿರಿಯರು ‘ಠಳಕವಾಡಿ’ ಎಂದು ಕರೆಯುತ್ತಿದ್ದರು. ಅಲ್ಲಿಯ ಹಳೆಯ ಪ್ರೌಢಶಾಲೆಯೊಂದು ಇಂದಿಗೂ ಆ ಹಳೆಯ ರೂಪವನ್ನೇ ತನ್ನ ಹೆಸರಿನಲ್ಲಿ ಉಳಿಸಿಕೊಂಡಿದೆ. ಇಂದಿನ ಹೆಸರನ್ನು ಕೇಳಿದವರಿಗೆ ಲೋಕಮಾನ್ಯ ಟಿಳಕರು ನೆನಪಾಗುವುದು ಸಹಜ. 1916ರ ಏಪ್ರಿಲ್ ಕೊನೆಯಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತು ಬೆಳಗಾವಿಯಲ್ಲಿಯೇ ಸೇರಿ, ಟಿಳಕರ ಹೋಂರೂಲ್ ಲೀಗು ಇಲ್ಲಿಯೇ ಜನ್ಮ ತಾಳಿತೆಂಬುದನ್ನು ಬಲ್ಲವರು ಬಲ್ಲರು. ಆಫ್ರಿಕೆಯಿಂದ ಹಿಂದಿರುಗಿ ಹೆಚ್ಚು ದಿನ ಕಳೆದಿರದ ಗಾಂಧೀಜಿಯವರೂ ಆ ಪರಿಷತ್ತಿಗೆ ಬಂದಿದ್ದರು.

ಹೆಸರಿಗಿಂತಲೂ ಮಹತ್ವದ್ದು ಹಾದಿ. ಬಡಾವಣೆಯ ನಡುವೆ ಹಾಯ್ದುಹೋಗುವ ಹಿರಿಯ ರಸ್ತೆ ಖಾನಾಪುರ ರಸ್ತೆ. ಸುಮಾರು 26 ಕಿಲೋಮೀಟರು ತೆಂಕಣಕ್ಕಿರುವ ಮಲಪ್ರಭೆಯ ದಂಡೆಯ ಖಾನಾಪುರವನ್ನೂ, ಅದರಾಚೆಗೆ ಲೋಂಡಾವನ್ನೂ ಗೋವೆಯ ಘಟ್ಟಗಳನ್ನೂ ಬೆಳಗಾವಿಗೆ ಜೋಡಿಸಿದ್ದು ಈ ಹಾದಿ. ಟಿಳಕವಾಡಿ, ಶಹಾಪುರಗಳ ನಡುವಣ ಒಂದು ವೃತ್ತಕ್ಕೆ ಇಂದಿಗೂ ‘ಗೋವಾ ವೇಸ’ ಎಂಬ ಹೆಸರಿದೆ. ವೇಸ ಎಂದರೆ ನಾವು ಅಗಸಿ ಎನ್ನುತ್ತೇವಲ್ಲ, ಅದೇ. ಗೋವೆಯ ಕಡೆಗೆ ಹೊರಡುವ ಊರಬಾಗಿಲು. ಊರಬಾಗಿಲು ಕಣ್ಮರೆಯಾದರೂ ಜನರ ನಾಲಗೆಯ ಮೇಲೆ ಅದು ನಿಂತೇ ಇದೆ.

ಖಾನಾಪುರ ಮತ್ತು ಬೆಳಗಾವಿಯ ಹೊರವಲಯದ ಸಂಬಂಧವು ಬರಿಯ ಪ್ರಯಾಣದ ಸಂಬಂಧವಲ್ಲ. ಖಾನಾಪುರ ತಾಲೂಕೆಂದರೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ನಾಡು. ಹಲಸಿಯಲ್ಲಿ ಕದಂಬರು ಆಳಿದ ನಾಡು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನೇಣಿಗೇರಿಸಿದ ನಂದಗಡವಿರುವ ನಾಡು. ಅದರ ಕಾಡು ಮರಮುಟ್ಟಿಗೆ ಹೆಸರಾದರೆ, ಅದರ ಮಣ್ಣು ಹೆಂಚು ಮತ್ತು ಕುಂಬಾರಿಕೆಗೆ ಹೆಸರಾದುದು. ಸ್ವಾತಂತ್ರ್ಯಾನಂತರ ಖಾದಿ-ಗ್ರಾಮೋದ್ಯೋಗದವರು ಗ್ರಾಮೀಣ ಕುಂಬಾರಿಕೆಯ ಕೇಂದ್ರಸಂಸ್ಥೆಯನ್ನು ಖಾನಾಪುರದಲ್ಲಿ ತೆರೆದದ್ದು ಸುಮ್ಮನೆ ಅಲ್ಲ. ಬೆಳಗಾವಿಯ ಹಳೆಯ ಬಡಾವಣೆಗಳ ಮನೆಗಳನ್ನು ನೋಡಿದರೆ ಗೋಡೆ ಕೆಂಪು ಜಂಬಿಟ್ಟಿಗೆಯದು, ತೊಲೆಜಂತಿ ಕಾಡಿನ ಮರದ್ದು, ಮೇಲ್ಛಾವಣಿ ಸುಟ್ಟ ಹೆಂಚಿನದು. ಮಲೆನಾಡಿನ ಅಂಚು ಈ ಹಾದಿಯಗುಂಟ ಬಂದು ನಗರದ ಹೊರಬಾಗಿಲಲ್ಲಿ ಮನೆಯಾಗಿ ನಿಂತಂತೆ ತೋರುತ್ತದೆ.

ಗಾಳಿ-ಬೆಳಕಿನ ಆಸೆ

ಊರ ಹೊರಗೆ ಊರು ಬೆಳೆದದ್ದೇಕೆ? ಇದಕ್ಕೆ ಎರಡು ಕಾರಣಗಳನ್ನು ಮುಖ್ಯವಾಗಿ ಹೇಳಬೇಕು. ಒಂದು ರೈಲು, ಇನ್ನೊಂದು ರೋಗ.

1880ರ ದಶಕದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜು ಹಳಿ ಬೆಳಗಾವಿಯನ್ನು ಮುಟ್ಟಿತು. ಇತ್ತ ಮಿರಜ-ಪುಣೆ, ಅತ್ತ ಖಾನಾಪುರ-ಲೋಂಡಾ, ಅಲ್ಲಿಂದ ಧಾರವಾಡ-ಹುಬ್ಬಳ್ಳಿ ಎಲ್ಲವೂ ಹತ್ತಿರವಾದವು. ಆ ಹಳಿ ಟಿಳಕವಾಡಿಯ ಮಗ್ಗುಲಲ್ಲಿಯೇ ಹಾಯ್ದುದರಿಂದ ಬಡಾವಣೆಯ ಭೂಗೋಳವೆಲ್ಲ ರೈಲುಗೇಟುಗಳ ಲೆಕ್ಕದಲ್ಲಿ ಬೆಳೆಯಿತು. ಮೊದಲನೆಯ ಗೇಟು, ಎರಡನೆಯ ಗೇಟು, ಮೂರನೆಯ ಗೇಟು ಎಂದರೆ ಬೆಳಗಾವಿಯ ಚಿಕ್ಕ ಮಗುವಿಗೂ ವಿಳಾಸ ತಿಳಿಯುತ್ತದೆ. 1990ರ ದಶಕದಲ್ಲಿ ಮೀಟರ್‌ಗೇಜು ಹೋಗಿ ಬ್ರಾಡ್‌ಗೇಜು ಬಂದಿತು. ಮೂರನೆಯ ಗೇಟಿನಲ್ಲಿ ಮೇಲ್ಸೇತುವೆ ಎದ್ದಿತು. ಆದರೂ ಜನರ ಮಾತಿನಲ್ಲಿ ಗೇಟು ಗೇಟಾಗಿಯೇ ಉಳಿದಿದೆ.

ಎರಡನೆಯದು ರೋಗ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಹಾದಿಯನ್ನೇ ಹಿಡಿದು ಮುಂದಿನ ವರ್ಷಗಳಲ್ಲಿ ಬೆಳಗಾವಿ-ಧಾರವಾಡ ಸೀಮೆಯನ್ನೂ ಕಾಡಿತು. ಇಕ್ಕಟ್ಟಾದ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆಗಳನ್ನು ತೊರೆದು ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆ ಭೀತಿಯು ನಮ್ಮ ದೇಶದ ನಗರಗಳ ರೂಪವನ್ನೇ ಬದಲಿಸಿತು. ಮುಂಬಯಿಯಲ್ಲಿ 1898ರಲ್ಲಿ ನಗರಸುಧಾರಣಾ ಟ್ರಸ್ಟು ಹುಟ್ಟಿತು; ಅದೇ ವರ್ಷ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳ ಬುನಾದಿ ಬಿದ್ದಿತು. ಅಗಲವಾದ ಬೀದಿ, ಪ್ರತಿ ಮನೆಗೂ ಸುತ್ತ ಬಯಲು, ಹಿತ್ತಲಲ್ಲಿ ಬಾವಿ, ಗಾಳಿ-ಬೆಳಕು ಬರುವ ಕಿಟಕಿ ಎಂಬ ಹೊಸ ಬಾಳಿನ ಕಲ್ಪನೆ ಎಲ್ಲೆಡೆಯೂ ಹರಡಿತು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ, ಘಟ್ಟದ ತಂಪುಗಾಳಿಗೆ ಎದೆಯೊಡ್ಡಿ ನಿಂತ ಬೆಳಗಾವಿಗೆ ಆ ಕಲ್ಪನೆ ಚೆನ್ನಾಗಿ ಒಪ್ಪಿತು.

ಹೊಸ ಬಡಾವಣೆಯ ಬೀದಿಗಳಿಗೆ ಇಟ್ಟ ಹೆಸರುಗಳೂ ಕುತೂಹಲಕರವಾಗಿವೆ. ಸೋಮವಾರ ಪೇಟೆ, ಮಂಗಳವಾರ ಪೇಟೆ, ಬುಧವಾರ ಪೇಟೆ, ಗುರುವಾರ ಪೇಟೆ, ಶುಕ್ರವಾರ ಪೇಟೆ ಎಂದು ವಾರದ ದಿನಗಳೇ ಇಲ್ಲಿ ಓಣಿಗಳಾಗಿವೆ. ಇದು ಪುಣೆಯ ಪೇಟೆಗಳ ಮಾದರಿ. ಅಂದು ಬೆಳಗಾವಿಯ ಕಚೇರಿ, ನ್ಯಾಯಾಲಯ, ಶಾಲೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಓದುಬರಹ ಬಲ್ಲವರ ಕಣ್ಣು ಪುಣೆಯ ಕಡೆಗಿತ್ತು. ಕೂಗಳತೆಯ ದೂರದಲ್ಲಿದ್ದ ಶಹಾಪುರವು ಸಾಂಗಲಿ ಸಂಸ್ಥಾನಕ್ಕೆ ಸೇರಿದ ನೇಕಾರರ, ವ್ಯಾಪಾರಸ್ಥರ ಪೇಟೆಯಾಗಿದ್ದು, 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಬೇರೆಯೇ ಆಡಳಿತದಲ್ಲಿತ್ತು. ಒಂದು ಕಡೆ ಸೈನ್ಯದ ಕ್ಯಾಂಪು, ಒಂದು ಕಡೆ ಸಂಸ್ಥಾನದ ಪೇಟೆ, ಒಂದು ಕಡೆ ಕೋಟೆಯ ಬುಡದ ಹಳೆಯ ಊರು. ಈ ಮೂರರ ನಡುವಣ ಬಯಲಿನಲ್ಲಿ ಯಾರಿಗೂ ಪೂರ್ತಿ ಸೇರದ, ಎಲ್ಲರಿಗೂ ಎಡೆಯಿದ್ದ ಬಡಾವಣೆಯಾಗಿ ಟಿಳಕವಾಡಿ ಬೆಳೆಯಿತು.

ವಿಜಯನಗರವೆಂಬ ಹದಿನೈದು ದಿನಗಳ ಊರು

ಈ ಬಡಾವಣೆಯ ಹೆಸರನ್ನು ದೇಶದ ಚರಿತ್ರೆಯಲ್ಲಿ ನಿಲ್ಲಿಸಿದ ಘಟನೆಯೆಂದರೆ 1924ರ ಡಿಸೆಂಬರ್ 26 ಮತ್ತು 27ರಂದು ಜರುಗಿದ ಅಖಿಲ ಭಾರತ ಕಾಂಗ್ರೆಸ್ಸಿನ 39ನೆಯ ಅಧಿವೇಶನ. ಮಹಾತ್ಮಾ ಗಾಂಧೀಜಿಯವರು ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದು ಅದೊಂದೇ ಸಲ. ಕರ್ನಾಟಕಸಿಂಹರೆಂದು ಹೆಸರಾದ ಗಂಗಾಧರರಾವ ದೇಶಪಾಂಡೆಯವರು ಅದರ ಹೊಣೆಯನ್ನು ಹೊತ್ತರು. ಡಾ. ನಾ. ಸು. ಹರ್ಡೀಕರರ ಹಿಂದುಸ್ತಾನಿ ಸೇವಾದಳದ ಸ್ವಯಂಸೇವಕರು ಶಿಸ್ತಿಗೆ ಮಾದರಿಯಾದರು.

ಟಿಳಕವಾಡಿಯ ಬಯಲಿನಲ್ಲಿ ಖಾದಿಯ ಡೇರೆಗಳ ಊರೊಂದು ಎದ್ದಿತು. ಅದಕ್ಕೆ ‘ವಿಜಯನಗರ’ವೆಂದು ಹೆಸರಿಟ್ಟು, ಹಂಪೆಯ ವಿರೂಪಾಕ್ಷನ ಗೋಪುರದಂತೆ ಮಹಾದ್ವಾರವನ್ನು ನಿಲ್ಲಿಸಿದರು. ಮೋತೀಲಾಲ ನೆಹರೂ, ಚಿತ್ತರಂಜನ ದಾಸ, ಲಾಲಾ ಲಜಪತರಾಯ, ಸರೋಜಿನೀ ನಾಯ್ಡು, ಮೌಲಾನಾ ಮಹಮ್ಮದ ಅಲಿ ಮೊದಲಾದವರು ಇಲ್ಲಿ ತಂಗಿದರು. ಕಾಂಗ್ರೆಸ್ಸಿನ ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ನೂಲನ್ನು ಕೊಡಬೇಕೆಂಬ ಕರಾರು ಇಲ್ಲಿ ಸ್ಥಿರವಾಯಿತು. ಅಸ್ಪೃಶ್ಯತೆಯ ನಿವಾರಣೆ, ಹಿಂದೂ-ಮುಸ್ಲಿಂ ಐಕ್ಯ, ಚರಕ ಇವು ಅಧ್ಯಕ್ಷಭಾಷಣದ ತಿರುಳಾಗಿದ್ದವು. ಕೈಯಿಂದ ದುಡಿದು ಸಮಾಜಕ್ಕೆ ಸಲ್ಲಿಸಬೇಕೆಂಬ ಆ ವಿಚಾರವು ಕಾಯಕ-ದಾಸೋಹಗಳ ನಾಡಿನಲ್ಲಿ ಹೊಸದೆನಿಸಿರಲಾರದು.

ಕನ್ನಡಿಗರ ಪಾಲಿಗೆ ಆ ಬಯಲಿಗೆ ಬೇರೊಂದು ಮಹತ್ವವೂ ಇದೆ. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತಿನ ಮೊದಲ ಸಭೆ ಸೇರಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಧಿವೇಶನದಲ್ಲಿ ಮೊಳಗಿತು. ವೀಣೆ ಶೇಷಣ್ಣನವರು ವೀಣಾವಾದನ ಮಾಡಿದರು. ಹನ್ನೊಂದು ವರ್ಷದ ಬಾಲಕಿ ಗಂಗೂಬಾಯಿ ಹಾನಗಲ್ಲರು ಗಾಂಧೀಜಿಯವರ ಮುಂದೆ ಹಾಡಿದರು. ತಾವು ಕೆಳಜಾತಿಯವರೆಂದು ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳುವರೋ ಎಂಬ ಅಳುಕು ಆ ಎಳೆಯ ಮನಸ್ಸಿನಲ್ಲಿ ಇದ್ದುದನ್ನು ಆ ಮಹಾಗಾಯಕಿ ಮುಂದೆ ಹೇಳಿಕೊಂಡದ್ದುಂಟು. ಅಸ್ಪೃಶ್ಯತೆಯನ್ನು ಅಳಿಸುವ ಮಾತು ವೇದಿಕೆಯ ಮೇಲೆ ನಡೆಯುತ್ತಿದ್ದಾಗ ವೇದಿಕೆಯ ಕೆಳಗೆ ಒಂದು ಮಗುವಿನ ಎದೆಯಲ್ಲಿ ಆ ಭೀತಿ ಇತ್ತೆಂಬುದನ್ನು ನಾವು ಮರೆಯಬಾರದು. ಅದೇ ಶಿಬಿರದಲ್ಲಿ ಮೇಲುಜಾತಿಯ ಸ್ವಯಂಸೇವಕರು ಪಾಯಖಾನೆಗಳನ್ನು ತಾವೇ ಸ್ವಚ್ಛಗೊಳಿಸಿದರೆಂಬುದನ್ನೂ ಮರೆಯಬಾರದು. ಎರಡೂ ಅಂದಿನ ಸತ್ಯವೇ.

ಅಧಿವೇಶನ ಮುಗಿಯಿತು, ಡೇರೆಗಳನ್ನು ಕಿತ್ತರು, ಗೋಪುರವನ್ನು ಇಳಿಸಿದರು. ಹಂಪೆಯ ವಿಜಯನಗರಕ್ಕೆ ಎರಡು ಶತಮಾನಗಳ ಆಯುಷ್ಯವಿದ್ದರೆ ಬೆಳಗಾವಿಯ ವಿಜಯನಗರಕ್ಕೆ ಕೆಲವೇ ದಿನಗಳ ಆಯುಷ್ಯ. ಉಳಿದದ್ದು ಎರಡೇ: ರೈಲುಹಳಿಗೆ ಸಮಾನಾಂತರವಾಗಿ ಸಾಗುವ ರಸ್ತೆಗೆ ಅಂಟಿಕೊಂಡ ‘ಕಾಂಗ್ರೆಸ್ ರಸ್ತೆ’ ಎಂಬ ಹೆಸರು ಮತ್ತು ಸಾವಿರಾರು ಜನರ ನೀರಡಿಕೆಗಾಗಿ ನಾಲ್ಕು ಸಾವಿರ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ತೋಡಿಸಿದ ಒಂದು ಬಾವಿ. ಅದಕ್ಕೆ ‘ಪಂಪಾ ಸರೋವರ’ವೆಂದು ನಾಮಕರಣ ಮಾಡಿದ್ದರು, ಜನರು ಕಾಂಗ್ರೆಸ್ ಬಾವಿಯೆಂದೇ ಕರೆದರು. ಮುಂದೆ ಅದರ ಪಕ್ಕದಲ್ಲಿ ವೀರಸೌಧವೆಂಬ ಸ್ಮಾರಕವೂ ನಿಂತಿತು. ಶತಮಾನೋತ್ಸವದ ಸಂದರ್ಭದಲ್ಲಿ, 2024ರ ಡಿಸೆಂಬರ್ 26ರಂದು, ಕಾಂಗ್ರೆಸ್ ಪಕ್ಷದ ಕಾರ್ಯಕಾರಿ ಸಮಿತಿಯ ಸಭೆ ಅದೇ ಆವರಣದಲ್ಲಿ ಸೇರಿತ್ತು. ಅಂದು ರಾತ್ರಿ ಮಾಜಿ ಪ್ರಧಾನಿ ಡಾ. ಮನಮೋಹನಸಿಂಗರು ತೀರಿಕೊಂಡ ಸುದ್ದಿ ಬಂದು ಮರುದಿನದ ಕಾರ್ಯಕ್ರಮಗಳು ನಿಂತವು.

ಮಾತು, ಮೆರವಣಿಗೆ, ಮಂಟಪಗಳೆಲ್ಲ ಹೋಗಿ ನೀರಿನ ಸೆಲೆಯೊಂದು ಉಳಿಯಿತೆಂಬುದು ಯೋಚಿಸತಕ್ಕ ಸಂಗತಿ. ಈ ಲೇಖನದ ಮುಖ್ಯ ಮಾತಿಗೂ ಅದೇ ಆಧಾರ.

ಶಾಲೆ, ಆಸ್ಪತ್ರೆ, ಅಧ್ಯಾತ್ಮ

ಟಿಳಕವಾಡಿಯು ಬರಿಯ ವಾಸದ ಮನೆಗಳ ಸಾಲಾಗಿದ್ದರೆ ಅದರ ಬಗೆಗೆ ಇಷ್ಟು ಬರೆಯುವ ಅವಶ್ಯಕತೆ ಇರುತ್ತಿರಲಿಲ್ಲ. ಎಲ್ಲರಿಗೂ ಸಲ್ಲುವ ಸಂಸ್ಥೆಗಳು ಅಲ್ಲಿ ಬೇರೂರಿದ್ದರಿಂದಲೇ ಅದು ಊರಾಯಿತು.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಇಲ್ಲಿ ಸಿಡುಬಿನ ಲಸಿಕೆಯನ್ನು ತಯಾರಿಸುವ ವ್ಯಾಕ್ಸಿನ್ ಸಂಸ್ಥೆ ನೆಲೆಗೊಂಡಿತು. ಕರುಗಳ ಚರ್ಮದ ಮೇಲೆ ಬೆಳೆಸಿದ ಲಸಿಕೆಯನ್ನು ಊರೂರಿಗೆ ಕಳಿಸುವ ಕಾಲ ಅದು. ಮನೆಮನೆಯಲ್ಲಿಯೂ ಸಿಡುಬಿನ ಕಲೆ ಹೊತ್ತ ಮುಖಗಳಿದ್ದ ದಿನಗಳಲ್ಲಿ ಆ ಸಂಸ್ಥೆಯ ಕೆಲಸ ಎಷ್ಟು ಜೀವಗಳನ್ನು ಉಳಿಸಿರಬಹುದೆಂದು ಎಣಿಸುವುದು ಕಷ್ಟ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಆ ಪೀಡೆಯಿಂದ ಮುಕ್ತವಾಯಿತೆಂದು ಸಾರಲಾಯಿತು. ಸಿಡುಬು ಹೋದರೂ ಬೆಳಗಾವಿಗರ ಬಾಯಲ್ಲಿ ಆ ವಿಶಾಲ ಆವರಣವು ‘ವ್ಯಾಕ್ಸಿನ್ ಡಿಪೋ’ ಆಗಿಯೇ ಉಳಿಯಿತು. 2021ರ ಜನವರಿಯಲ್ಲಿ ಕೊರೋನಾ ಲಸಿಕೆ ಬಂದಾಗ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಿಗೆ ಹಂಚುವುದಕ್ಕಾಗಿ ಅದನ್ನು ಶೇಖರಿಸಿದ್ದು ಇದೇ ಬೆಳಗಾವಿಯಲ್ಲಿ. ನೂರು ವರ್ಷಗಳ ಹಿಂದೆ ಹಿಡಿದ ಕಾಯಕವನ್ನು ಊರು ಬಿಟ್ಟಿರಲಿಲ್ಲವೆಂದೇ ಹೇಳಬೇಕು.

ವಿದ್ಯೆಯ ವಿಷಯದಲ್ಲಿ ದಕ್ಷಿಣ ಕೊಂಕಣ ಶಿಕ್ಷಣ ಸಂಸ್ಥೆಯವರ ರಾಣಿ ಪಾರ್ವತಿದೇವಿ ಮಹಾವಿದ್ಯಾಲಯವು ಬಡಾವಣೆಯ ಹೃದಯಭಾಗದಲ್ಲಿದೆ. ಆ ಸಂಸ್ಥೆಯ ಹೆಸರೇ ಘಟ್ಟದ ಕೆಳಗಿನ ನಾಡಿಗೂ ಬೆಳಗಾವಿಗೂ ಇದ್ದ ನಂಟನ್ನು ಸಾರುತ್ತದೆ. ಮರಾಠಿಯ ಪ್ರಖ್ಯಾತ ವಿನೋದಕಾರ ಪು. ಲ. ದೇಶಪಾಂಡೆಯವರು ಅಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದರು. ಕರ್ನಾಟಕ ಕಾನೂನು ಸಂಸ್ಥೆಯ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯವೂ ಈ ಭಾಗದಲ್ಲಿಯೇ ಬೆಳೆದು ನಾಡಿಗೆ ಅನೇಕ ನ್ಯಾಯವಾದಿಗಳನ್ನು ಕೊಟ್ಟಿತು. ನಗರದ ಇನ್ನೊಂದು ಮಗ್ಗುಲಲ್ಲಿ 1916ರ ನವೆಂಬರ್ 13ರಂದು ಹುಟ್ಟಿದ ಕೆ.ಎಲ್.ಇ. ಸಂಸ್ಥೆಯೂ, 1933ರಲ್ಲಿ ಅದು ತೆರೆದ ಲಿಂಗರಾಜ ಮಹಾವಿದ್ಯಾಲಯವೂ ಹಳ್ಳಿಯ ಹುಡುಗರನ್ನು ಬೆಳಗಾವಿಗೆ ಕರೆತಂದವು. ಖಾನಾಪುರ, ಬೈಲಹೊಂಗಲ, ಸವದತ್ತಿ, ಗೋಕಾಕಗಳಿಂದ ಬಂದ ಆ ಹುಡುಗರಿಗೆ ಉಣಿಸುವ ಹೊಣೆಯನ್ನು ಹೊತ್ತದ್ದು ಮಠಗಳು. ನಾಗನೂರು ರುದ್ರಾಕ್ಷಿಮಠದ ಪೂಜ್ಯ ಶಿವಬಸವ ಮಹಾಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ತೆರೆದ ಉಚಿತ ಪ್ರಸಾದನಿಲಯವನ್ನು ಇಲ್ಲಿ ನೆನೆಯದಿದ್ದರೆ ಚರಿತ್ರೆಗೆ ಅಪಚಾರವಾದೀತು. ನೂರಕ್ಕೂ ಮಿಕ್ಕಿ ಬಾಳಿ 1994ರಲ್ಲಿ ಲಿಂಗೈಕ್ಯರಾದ ಪೂಜ್ಯರ ಹೆಸರಿನಿಂದಲೇ ಇಂದು ಶಿವಬಸವನಗರವೆಂಬ ಬಡಾವಣೆ ಇದೆ. ಟಿಳಕವಾಡಿಯು ಗಾಳಿ-ಬೆಳಕನ್ನು ಅರಸಿ ಬಂದವರಿಂದ ಊರಾದರೆ, ಶಿವಬಸವನಗರವು ಅನ್ನ-ಅರಿವುಗಳನ್ನು ಅರಸಿ ಬಂದವರ ಸುತ್ತ ಊರಾಯಿತು. ಎರಡು ಬಡಾವಣೆಗಳ ಹುಟ್ಟು ಬೇರೆಯಾದರೂ ಬೇರು ಒಂದೇ: ಸಾರ್ವಜನಿಕ ಕಾರ್ಯವೊಂದು ಮೊದಲು ಬಂದಿತು, ಮನೆಗಳು ಅದರ ನೆರಳಿನಲ್ಲಿ ಬೆಳೆದವು.

ಟಿಳಕವಾಡಿಗೆ ಹೊಂದಿಕೊಂಡ ಹಿಂದವಾಡಿಯಲ್ಲಿ ಗುರುದೇವ ರಾನಡೆಯವರ ಹೆಸರಿನ ಮಂದಿರವೂ, ಅವರು ಸ್ಥಾಪಿಸಿದ ತೌಲನಿಕ ತತ್ತ್ವಜ್ಞಾನ ಹಾಗೂ ಧರ್ಮಗಳ ಅಕಾಡೆಮಿಯೂ ಇವೆ. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ಬೋಧಿಸಿ, ನಿಂಬಾಳದಲ್ಲಿ ಸಾಧನೆಗೈದು 1957ರಲ್ಲಿ ದೇಹವಿಟ್ಟ ಪ್ರಾ. ರಾನಡೆಯವರು ಮರಾಠಿ ಸಂತರನ್ನೂ ಕನ್ನಡದ ಶರಣ-ದಾಸರನ್ನೂ ಸಮಾನ ಗೌರವದಿಂದ ಕಂಡವರು. ಕನ್ನಡ ಸಾಹಿತ್ಯದಲ್ಲಿಯ ಭಗವನ್ಮಾರ್ಗವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೇ ರಚಿಸಿದವರು. ಈ ಬಡಾವಣೆಗಳ ಸ್ವಭಾವಕ್ಕೆ ಅದೊಂದು ಒಪ್ಪುವ ಪ್ರತೀಕ. ಇಲ್ಲಿ ಕನ್ನಡ, ಮರಾಠಿ, ಕೊಂಕಣಿ ಆಡುವ ಮನೆಗಳು ಒಂದೇ ಬೀದಿಯಲ್ಲಿವೆ. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ, 1967ರ ಮಹಾಜನ ಆಯೋಗದ ವರದಿ ಬೆಳಗಾವಿಯು ಇಲ್ಲಿಯೇ ಉಳಿಯಬೇಕೆಂದು ಹೇಳಿದ ಮೇಲೂ ಗಡಿಯ ವಾದವು ಆಗಾಗ ಬೀದಿಗೆ ಬಂದದ್ದುಂಟು. ಆದರೆ ನಸುಕಿನಲ್ಲಿ ಹಾಲಿನವನ ಕೂಗಿಗೆ ಎರಡು ಮನೆಗಳ ಬಾಗಿಲೂ ಒಟ್ಟಿಗೆ ತೆರೆಯುತ್ತಿದ್ದವು; ಬಾವಿಯ ಕಟ್ಟೆಯ ಮೇಲೆ ಎರಡು ಭಾಷೆಯ ಕೊಡಗಳೂ ಪಕ್ಕಪಕ್ಕದಲ್ಲಿ ಕೂತಿರುತ್ತಿದ್ದವು.

ಬಾವಿ ಕಲಿಸಿದ ಪಾಠ

ಇನ್ನು ಬಾವಿಯ ಮಾತಿಗೆ ಬರೋಣ. ಬೆಳಗಾವಿಯ ನೆಲ ಜಂಬಿಟ್ಟಿಗೆಯ ನೆಲ. ಅದು ತೂತುತೂತಾದ ಕಲ್ಲು. ಮಳೆಯ ನೀರನ್ನು ಹೀರಿ ಒಳಗೆ ಇಳಿಸುತ್ತದೆ. ಘಟ್ಟದ ಮಳೆ ಧಾರಾಳವಾಗಿ ಬೀಳುವ ಈ ಸೀಮೆಯಲ್ಲಿ ತುಸು ಆಳಕ್ಕೆ ತೋಡಿದರೂ ಸಿಹಿನೀರು ಸಿಗುತ್ತಿತ್ತು. ಆದ್ದರಿಂದ ಹಳೆಯ ಟಿಳಕವಾಡಿಯಲ್ಲಿ ಮನೆಯೆಂದರೆ ಮುಂದೆ ಪಡಸಾಲೆ, ಹಿಂದೆ ಹಿತ್ತಲು, ಹಿತ್ತಲಲ್ಲಿ ಬಾವಿ, ಮೇಲೆ ಗಡಗಡಿ, ಮಗ್ಗುಲಲ್ಲಿ ಮಾವು-ತೆಂಗು ಎಂದೇ ಅರ್ಥ. 1960ರ ದಶಕದ ಮೊದಲಿನಲ್ಲಿ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದ ನಳದ ನೀರು ಬಂದಿತು. ಮುಂದೆ ಹಿಡಕಲ್ಲಿನಿಂದಲೂ ನೀರು ತಂದರು. ಮನೆಯೊಳಗೇ ನೀರು ಬಂದ ಮೇಲೆ ಬಾವಿಯ ಕಡೆಗೆ ಯಾರೂ ನೋಡಲಿಲ್ಲ. ಕೆಲವು ಕಸದ ಕುಣಿಗಳಾದವು. ಕೆಲವನ್ನು ಮುಚ್ಚಿ ಮೇಲೆ ಮನೆ ಕಟ್ಟಿದರು.

1990ರ ದಶಕದ ನಡುಭಾಗದಲ್ಲಿ ಮಳೆ ಕೈಕೊಟ್ಟು ಜಲಾಶಯ ತಳ ಕಂಡಾಗ ನಗರಕ್ಕೆ ಕಣ್ಣು ತೆರೆಯಿತು. ಮರೆತುಹೋಗಿದ್ದ ಹಳೆಯ ತೆರೆದ ಬಾವಿಗಳನ್ನು ಮಹಾನಗರಪಾಲಿಕೆಯವರು ಹುಡುಕಿ, ಹೂಳು ತೆಗೆಸಿ, ಪಂಪು ಕೂರಿಸಿ ನೀರನ್ನು ಬಳಕೆಗೆ ತಂದರು. ಅಧಿವೇಶನಕ್ಕಾಗಿ ತೋಡಿದ ಕಾಂಗ್ರೆಸ್ ಬಾವಿಯೂ ಎಪ್ಪತ್ತು ವರ್ಷಗಳ ಬಳಿಕ ಮತ್ತೆ ಊರಿನ ದಾಹಕ್ಕೆ ಒದಗಿತು. ಬೆಳಗಾವಿಯ ಈ ಪ್ರಯತ್ನವನ್ನು ಹೊರಗಿನ ನಗರದವರೂ ಮೆಚ್ಚಿ ನೋಡಿದರು. ಹಿರಿಯರು ಮಾಡಿಟ್ಟದ್ದನ್ನು ಕೆಡಿಸದೆ ಇಟ್ಟುಕೊಂಡರೆ ಕಷ್ಟಕಾಲದಲ್ಲಿ ಅದು ಕೈಹಿಡಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆದರೆ ಕಲಿತ ಪಾಠವನ್ನು ನಾವು ಬಲುಬೇಗ ಮರೆಯುತ್ತಿದ್ದೇವೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲಿಯೇ ಬೆಳಗಾವಿಯ ಹೆಸರು ಬಂದಿತು. ರಸ್ತೆಗಳು ಅಗಲವಾದವು, ದೀಪಗಳು ಹೆಚ್ಚಿದವು. ಇವೆಲ್ಲ ಸಂತೋಷದ ಸಂಗತಿಗಳೇ. ಅದರೊಡನೆ ಅಂಗಳಗಳಿಗೆ ಕಾಂಕ್ರೀಟು ಬಿದ್ದಿತು. ಹಳೆಯ ಕಲಾಮಂದಿರವನ್ನು ಕೆಡವಿ ವಾಣಿಜ್ಯ ಸಂಕೀರ್ಣವನ್ನು ಎಬ್ಬಿಸಿದರು. ವ್ಯಾಕ್ಸಿನ್ ಡಿಪೋದ ಮರಗಳ ಬಗೆಗೆ ನಾಗರಿಕರು ದನಿಯೆತ್ತಬೇಕಾಗಿ ಬಂದಿತು. ಹೆಂಚಿನ ಮನೆಗಳು ಒಂದೊಂದಾಗಿ ಇಳಿದು ಅಲ್ಲಿ ಬಹುಮಹಡಿಯ ಕಟ್ಟಡಗಳು ಏರುತ್ತಿವೆ. ಒಂದು ಕುಟುಂಬವಿದ್ದ ನಿವೇಶನದಲ್ಲಿ ಹತ್ತು-ಹದಿನೈದು ಕುಟುಂಬಗಳು ಬಾಳುವಾಗ ನೀರು ಹತ್ತುಪಟ್ಟು ಬೇಕು. ಆದರೆ ನೆಲಕ್ಕೆ ಇಳಿಯುವ ನೀರು ಮೊದಲಿನಷ್ಟೂ ಇಲ್ಲ. ಅತ್ತ ಖಾನಾಪುರ ರಸ್ತೆಯಗುಂಟ ಉದ್ಯಮಬಾಗ, ಪೀರನವಾಡಿ, ಮಚ್ಛೆಯವರೆಗೂ ನಗರವು ಕೈಚಾಚಿದೆ; ಇತ್ತ ಶಹಾಪುರ, ವಡಗಾವಿ, ಅನಗೋಳಗಳ ಗದ್ದೆಗಳು ಕರಗುತ್ತಿವೆ. 2019ರ ಆಗಸ್ಟಿನ ಮಹಾಮಳೆಯಲ್ಲಿ ನಗರದ ತಗ್ಗಿನ ಬಡಾವಣೆಗಳು ನೀರಿನಲ್ಲಿ ನಿಂತುದನ್ನು ಎಲ್ಲರೂ ಕಂಡಿದ್ದಾರೆ. ಬೇಸಗೆಯಲ್ಲಿ ನೀರಿಗಾಗಿ ಬಾಯಿಬಿಡುವ ಊರು ಮಳೆಗಾಲದಲ್ಲಿ ನೀರಿನಲ್ಲಿಯೇ ಮುಳುಗುವುದೆಂದರೆ ನೀರಿಗೆ ಇಳಿಯಲು ಎಡೆಯನ್ನೇ ನಾವು ಬಿಟ್ಟಿಲ್ಲವೆಂದರ್ಥ.

ಹಳೆಯದೆಲ್ಲ ಹಾಗೆಯೇ ಇರಬೇಕೆಂದು ಹೇಳುವುದು ವಿವೇಕವಲ್ಲ. ಇಂದು ಬೆಳಗಾವಿಗೆ ಬರುವ ಹಳ್ಳಿಯ ಮಕ್ಕಳಿಗೂ ಮನೆ ಬೇಕು. ಒಮ್ಮೆ ನಾವು ಬಂದಂತೆಯೇ ಅವರೂ ಬರುತ್ತಿದ್ದಾರೆ. ಬಾಗಿಲು ಮುಚ್ಚುವ ಅಧಿಕಾರ ಮೊದಲು ಬಂದವರ ಕೈಯಲ್ಲಿಲ್ಲ. ಆದರೆ ಟಿಳಕವಾಡಿಯ ಒಂದು ಶತಮಾನದ ಚರಿತ್ರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಬಡಾವಣೆಯನ್ನು ಊರನ್ನಾಗಿಸುವುದು ಮನೆಗಳ ಗೋಡೆಯಲ್ಲ. ಎಲ್ಲರಿಗೂ ಸೇರಿದ ಬಾವಿ, ಮೈದಾನ, ಶಾಲೆ, ಮರದ ನೆರಳು, ಔಷಧಾಲಯ ಇವೇ. ಇವು ಉಳಿದರೆ ಮನೆ ಹೆಂಚಿನದಾದರೇನು, ಹತ್ತು ಮಹಡಿಯದಾದರೇನು, ಊರು ಊರಾಗಿಯೇ ಇರುತ್ತದೆ. ಇವು ಹೋದರೆ ಉಳಿಯುವುದು ಬರಿಯ ವಿಳಾಸಗಳ ಪಟ್ಟಿ.

ಮಠದ ಅನ್ನವನ್ನುಂಡು ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮಾಜದ ಸೊತ್ತು ಎಂದರೇನೆಂಬುದನ್ನು ಅವರು ಪಂಕ್ತಿಯಲ್ಲಿ ಕುಳಿತೇ ಕಲಿತವರು. ಬೆಳಗಾವಿಯಲ್ಲಾಗಲಿ, ಖಾನಾಪುರದಲ್ಲಾಗಲಿ, ತಾವಿರುವ ಓಣಿಯಲ್ಲಿ ಒಂದು ಹಳೆಯ ಬಾವಿಯಿದ್ದರೆ ಅದರ ಹೂಳು ತೆಗೆಸುವುದು, ಹೊಸ ಮನೆ ಕಟ್ಟುವಾಗ ಅಂಗಳದ ಒಂದು ಭಾಗವನ್ನಾದರೂ ಮಣ್ಣಾಗಿಯೇ ಬಿಡುವುದು, ಮಾಳಿಗೆಯ ಮಳೆನೀರನ್ನು ಬಾವಿಗೆ ಹರಿಸುವುದು, ಓಣಿಯ ಹಿರಿಯರಿಂದ ಅಲ್ಲಿಯ ಸಂಗತಿಗಳನ್ನು ಕೇಳಿ ಬರೆದಿಡುವುದು ಇವೆಲ್ಲ ದೊಡ್ಡ ಹಣ ಬೇಡದ ಕೆಲಸಗಳು. 1924ರಲ್ಲಿ ಬಂದು ಹೋಗುವ ಅತಿಥಿಗಳಿಗಾಗಿ ತೋಡಿದ ಬಾವಿಯು ಒಂದು ಶತಮಾನದವರೆಗೆ ಬಾಳಿತು. ಇಲ್ಲಿಯೇ ಇರುವ ನಮ್ಮ ಮಕ್ಕಳು-ಮೊಮ್ಮಕ್ಕಳಿಗಾಗಿ ನಾವು ಅಷ್ಟನ್ನಾದರೂ ಉಳಿಸಿ ಕೊಡುವುದು ಕರ್ತವ್ಯವಲ್ಲವೆ?